ಮಳೆಯ ಕುರುಹುಗಳು

ಅರಬ್ಬೀ ಸಮುದ್ರದಿಂದ ಬೀಸುವ ಮುಂಗಾರು ಗಾಳಿಯು ತನ್ನ ನೀರಿನ ಬಹುಭಾಗವನ್ನು ಪಶ್ಚಿಮ ಘಟ್ಟಗಳ ಮೇಲೆಯೇ ಸುರಿಸಿಬಿಡುತ್ತದೆ. ಘಟ್ಟವನ್ನು ದಾಟಿ ಪೂರ್ವಕ್ಕೆ ಬರುವಾಗ ಅದರಲ್ಲಿ ಉಳಿಯುವ ತೇವ ಅಲ್ಪ. ಇಂತಹ ಮಳೆಯ ನೆರಳಿನ ಸೀಮೆಯಲ್ಲಿ ಶಿರಹಟ್ಟಿ ಇದೆ. ಹೆಸರು, ಶೇಂಗಾ, ಜೋಳ, ಹತ್ತಿ ಬೆಳೆಯುವ ಇಲ್ಲಿಯ ಬಹುಪಾಲು ರೈತರು ಮುಗಿಲನ್ನೇ ನೆಚ್ಚಿ ಬದುಕುವವರು.

ಮಳೆ ಬರುವುದೋ ಬಾರದೋ ಎಂಬುದು ಅವರಿಗೆ ಕುತೂಹಲದ ಮಾತಲ್ಲ. ಒಂದು ಮಳೆಯನ್ನು ನಂಬಿ ಕೂರಿಗೆ ಹೂಡಿದ ಮೇಲೆ ಮುಂದಿನ ಮಳೆ ಕೈಕೊಟ್ಟರೆ ಮೊಳಕೆ ಒಣಗುತ್ತದೆ. ಮತ್ತೆ ಬೀಜ ಕೊಳ್ಳಲು ಸಾಲ ಮಾಡಬೇಕಾಗುತ್ತದೆ. ಕಾಯುತ್ತ ಕುಳಿತರೆ ನೆಲದ ಹಸಿ ಆರಿ, ಬಿತ್ತನೆಯ ಹದ ತಪ್ಪುತ್ತದೆ. ಆದುದರಿಂದಲೇ ಹಿರಿಯರು ಪ್ರಕೃತಿಯ ಕುರುಹುಗಳನ್ನು ಓದಲು ಕಲಿತರು.

ಮೊದಲನೆಯದು ಕಾಲದ ಲೆಕ್ಕ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದೊಂದನ್ನು ದಾಟಲು ಸುಮಾರು 13ರಿಂದ 14 ದಿನಗಳನ್ನು ತೆಗೆದುಕೊಳ್ಳುತ್ತಾನೆ. ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರೇ ಬಂದಿದೆ. ಮೇ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ಎರಡನೆಯ ವಾರದ ಹೊತ್ತಿಗೆ ಮೃಗಶಿರ. 'ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ' ಎಂಬ ಗಾದೆ ಹುಟ್ಟಿದ್ದು ಈ ಲೆಕ್ಕದಿಂದ. ಆದರೆ ನಕ್ಷತ್ರವು ಬಿತ್ತುವ ಕಾಲವನ್ನು ತಿಳಿಸೀತೇ ಹೊರತು, ಆ ವರ್ಷದ ಮಳೆಗೆ ಹೊಣೆಯಾಗಲಾರದು.

ಎರಡನೆಯದು ಗಾಳಿ. ಬೇಸಗೆಯ ಮಧ್ಯಾಹ್ನ ಕಾದ ನೆಲದಿಂದ ಗಾಳಿ ಮೇಲೆದ್ದು, ಸಂಜೆ ಗುಡುಗು ಸಿಡಿಲುಗಳೊಡನೆ ಅಡ್ಡಮಳೆ ಬರುತ್ತದೆ. ಅದು ಒಂದು ಹೊಲವನ್ನು ನೆನೆಸಿ ಪಕ್ಕದ ಹೊಲವನ್ನು ಬಿಟ್ಟುಹೋಗುವುದೂ ಉಂಟು. ಮುಂಗಾರಿನ ಗಾಳಿ ಹಾಗಲ್ಲ; ಅದು ಹಗಲಿರುಳೂ ಪಡುವಣದಿಂದ ಒಂದೇ ಸಮನೆ ಬೀಸುತ್ತದೆ. ಅಡ್ಡಮಳೆಯನ್ನು ಮುಂಗಾರೆಂದು ತಿಳಿದವನು ಬೀಜವನ್ನು ಕಳೆದುಕೊಳ್ಳುತ್ತಾನೆ.

ಇನ್ನುಳಿದವು ಹತ್ತಿರದ ಕುರುಹುಗಳು. ಕಪ್ಪತಗುಡ್ಡದ ನೆತ್ತಿಗೆ ಮೋಡ ಕವಿಯುತ್ತದೆ. ತೇವದ ಗಾಳಿ ಗುಡ್ಡವನ್ನೇರಿ ತಂಪಾದಾಗ ಅದರಲ್ಲಿನ ಆವಿ ಹನಿಗಟ್ಟುವುದೇ ಇದಕ್ಕೆ ಕಾರಣ. ಅಡುಗೆಮನೆಯ ಉಪ್ಪು ನೀರೊಡೆಯುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಇರುವೆಗಳು ಮೊಟ್ಟೆಗಳನ್ನು ಹೊತ್ತು ಎತ್ತರಕ್ಕೆ ಸಾಗುತ್ತವೆ. ಚಂದ್ರನ ಸುತ್ತ ಬಳೆಯಂತಹ ವರ್ತುಲ ಮೂಡುತ್ತದೆ. ಬಹು ಎತ್ತರದ ತೆಳುಮೋಡದಲ್ಲಿರುವ ಹಿಮದ ಹರಳುಗಳು ಬೆಳಕನ್ನು ಬಾಗಿಸುವುದರಿಂದ ಅದು ಕಾಣುತ್ತದೆ. ಆದರೆ ಅಂತಹ ಮೋಡ ಕಂಡಾಗಲೆಲ್ಲ ಮಳೆಯಾಗುವುದಿಲ್ಲ.

ಈ ಕುರುಹುಗಳಿಗೆ ಒಂದು ಮಿತಿಯುಂಟು. ಅವು ಇಂದಿನ ಗಾಳಿಯ ತೇವವನ್ನು ತಿಳಿಸುತ್ತವೆ. ನೂರಾರು ಮೈಲಿಗಳಾಚೆ ಸಮುದ್ರದಲ್ಲಿ ಹುಟ್ಟುತ್ತಿರುವ ಚಂಡಮಾರುತವನ್ನು ದಿನಗಳ ಮೊದಲೇ ತಿಳಿಸಲಾರವು. 1977ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮೆಯ ಮೇಲೆ ಚಂಡಮಾರುತ ಎರಗಿದಾಗ ಸಾವಿರಾರು ಜನ ಪ್ರಾಣ ಕಳೆದುಕೊಂಡರು. 2013ರಲ್ಲಿ ಫೈಲಿನ್ ಚಂಡಮಾರುತವು ಒಡಿಶಾ ತೀರಕ್ಕೆ ಬರುವ ಮೊದಲೇ ಲಕ್ಷಾಂತರ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಸಾವುಗಳು ಬಹಳ ಕಡಿಮೆಯಾದವು. ಉಪಗ್ರಹ, ರಡಾರುಗಳ ಮಾಹಿತಿಯಿಂದ ಹೊರಟ ಮುನ್ನೆಚ್ಚರಿಕೆಯೇ ಇದನ್ನು ಸಾಧ್ಯವಾಗಿಸಿತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಹಿಂಗಾರಿನಲ್ಲಿ ಒಳನಾಡಿಗೂ ಮಳೆ ತರಬಲ್ಲವು. ಕಣದಲ್ಲಿ ಬೆಳೆ ಹರಡಿದ ಶಿರಹಟ್ಟಿಯ ರೈತನಿಗೂ ಆ ಸುದ್ದಿ ಬೇಕು.

1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆ ಇಂದು ಹಳ್ಳಿಯ ಮೊಬೈಲಿಗೂ ತಲುಪುತ್ತದೆ. ಅದು ವಿಶಾಲವಾದ ಪ್ರದೇಶದ ಮಾತನ್ನು ಹೇಳುತ್ತದೆ. ತನ್ನ ಹೊಲದ ಹದವನ್ನು ರೈತನೇ ಮಣ್ಣನ್ನು ಮುಟ್ಟಿ ಅರಿಯಬೇಕು. ಹಿರಿಯರು ಬಿಟ್ಟುಹೋದ ನಿಜವಾದ ಆಸ್ತಿ ಗಾದೆಗಳಲ್ಲ, ಗಮನವಿಟ್ಟು ನೋಡುವ ಗುಣ. ವಿಜ್ಞಾನದ ಮೊದಲ ಪಾಠವೂ ಅದೇ.

ಅಭ್ಯಾಸ

1. ಅಡ್ಡಮಳೆಗೂ ಮುಂಗಾರು ಮಳೆಗೂ ಇರುವ ವ್ಯತ್ಯಾಸವೇನು?
2. ಉಪ್ಪು ನೀರೊಡೆಯುವುದು ಏಕೆ?
3. ಪ್ರಕೃತಿಯ ಕುರುಹುಗಳ ಮಿತಿಯನ್ನು ಉದಾಹರಣೆಯೊಡನೆ ವಿವರಿಸಿರಿ.