ದೀರ್ಘ ಚಿಕಿತ್ಸೆಗೆ ರಕ್ತನಾಳದ ದಾರಿ

ಕ್ಯಾನ್ಸರಿನಂತಹ ವ್ಯಾಧಿಗೆ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡರೆ ಕೈಯ ಅಭಿಧಮನಿಗಳು ಕೆಡುತ್ತವೆ. ಆದುದರಿಂದ ವೈದ್ಯರು ಎರಡು ಮಾರ್ಗಗಳನ್ನು ಸೂಚಿಸುವುದುಂಟು.

ಪಿಕ್ ಲೈನ್ ಎಂಬುದು ತೋಳಿನಿಂದ ಹೃದಯದ ಸಮೀಪದವರೆಗೆ ಸಾಗುವ ಸಪೂರ ನಳಿಕೆ. ಅದರ ತುದಿ ಹೊರಗೇ ಉಳಿಯುವುದರಿಂದ ನೀರು ತಾಗಬಾರದು; ವಾರಕ್ಕೊಮ್ಮೆ ಪಟ್ಟಿ ಬದಲಿಸಬೇಕು. ಪೋರ್ಟನ್ನು ಸಣ್ಣ ಶಸ್ತ್ರಚಿಕಿತ್ಸೆಯಿಂದ ಎದೆಯ ಚರ್ಮದಡಿ ಇರಿಸುತ್ತಾರೆ. ವೆಚ್ಚ ಹೆಚ್ಚು, ಆದರೆ ಗಾಯ ಮಾಗಿದ ಮೇಲೆ, ಸೂಜಿ ಇಲ್ಲದಾಗ ಸ್ನಾನಕ್ಕೆ ಅಡ್ಡಿಯಿಲ್ಲ. ಚಿಕಿತ್ಸೆಯ ಬಿಡುವಿನಲ್ಲಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಶುಚಿಗೊಳಿಸಿದರೆ ಸಾಕು.

ಕೆಲವು ವಾರಗಳ ಚಿಕಿತ್ಸೆಗೆ ಪಿಕ್ ಲೈನ್ ಸಾಕಾಗಬಹುದು. ಹಲವು ತಿಂಗಳು ಬೇಕಾದರೆ, ಅದರಲ್ಲೂ ಪುಷ್ಯ ಮಳೆಯಲ್ಲಿ ಕಳಸ, ಮೂಡಿಗೆರೆಯ ತೋಟಗಳಿಂದ ವಾರವಾರವೂ ಆಸ್ಪತ್ರೆಗೆ ಹೋಗುವುದು ಕಷ್ಟವಾದರೆ, ಪೋರ್ಟಿನ ಬಗ್ಗೆ ವೈದ್ಯರಲ್ಲಿ ವಿಚಾರಿಸೋಣ. ಮೂತ್ರಪಿಂಡದ ಕಾಯಿಲೆಯಿದ್ದರೆ ಮೊದಲೇ ತಿಳಿಸೋಣ. ಮುಂದೆ ಡಯಾಲಿಸಿಸ್‌ಗೆ ತೋಳಿನ ನಾಳಗಳು ಬೇಕಾಗಬಹುದು. ಯಾವುದನ್ನು ಆರಿಸಿದರೂ, ಚಳಿಜ್ವರವೋ ತೋಳಿನಲ್ಲಿ ಊತವೋ ಕಂಡೊಡನೆ, ಮಳೆ ನಿಲ್ಲಲೆಂದು ಕಾಯದೆ ಆಸ್ಪತ್ರೆ ಸೇರೋಣ.