ಕಾರ್ಡು, ಚೀಟಿ, ಮುದ್ರೆ

ಶ್ರವಣಬೆಳಗೊಳದ ಗೊಮ್ಮಟಮೂರ್ತಿಗೆ ಸಾವಿರ ವರ್ಷ ತುಂಬಿದ ನೆನಪಿಗಾಗಿ 1981ರ ಫೆಬ್ರುವರಿಯಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಅದೇ ತಿಂಗಳಿನಲ್ಲಿ ಅಂಚೆ ಇಲಾಖೆಯು ಗೊಮ್ಮಟನ ಚಿತ್ರವುಳ್ಳ ಒಂದು ರೂಪಾಯಿಯ ಅಂಚೆಚೀಟಿಯನ್ನು ಹೊರತಂದಿತು. ಆಗ ಯಾತ್ರಿಕನೊಬ್ಬನು ಬೆಟ್ಟದ ಕೆಳಗಿನ ಅಂಗಡಿಯಲ್ಲಿ ಗೊಮ್ಮಟನ ಚಿತ್ರದ ಕಾರ್ಡೊಂದನ್ನು ಕೊಂಡು, ಚಿತ್ರವಿರುವ ಮಗ್ಗುಲಿಗೇ ಆ ಚೀಟಿಯನ್ನು ಅಂಟಿಸಿ, ಅಲ್ಲಿನ ಅಂಚೆ ಕಚೇರಿಯಲ್ಲಿ ಮುದ್ರೆ ಹೊಡೆಸಿಕೊಂಡಿದ್ದರೆ, ಅದನ್ನು ಸಂಗ್ರಾಹಕರು ‘ಮ್ಯಾಕ್ಸಿಮಮ್ ಕಾರ್ಡು’ ಎಂದು ಕರೆಯುತ್ತಾರೆ. ಕಾರ್ಡು, ಚೀಟಿ, ಮುದ್ರೆ ಈ ಮೂರೂ ಒಂದೇ ವಸ್ತುವನ್ನು, ಒಂದೇ ಸ್ಥಳವನ್ನು, ಒಂದೇ ಕಾಲವನ್ನು ಹೇಳಬೇಕು. ಹೊಂದಿಕೆ ಹೆಚ್ಚಿದಷ್ಟೂ ಕಾರ್ಡಿನ ಬೆಲೆ ಹೆಚ್ಚು.

ಈ ಹವ್ಯಾಸಕ್ಕೆ ಬಿಗಿಯಾದ ಕಟ್ಟಳೆಗಳುಂಟು. 1926ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಅಂಚೆಚೀಟಿ ಸಂಗ್ರಾಹಕರ ಒಕ್ಕೂಟವು ಪ್ರದರ್ಶನಗಳಿಗಾಗಿ ಇವನ್ನು ಗೊತ್ತುಪಡಿಸಿದೆ. ಕಾರ್ಡಿನ ಮುಖದಲ್ಲಿ ಕಡಿಮೆಯೆಂದರೂ ಮುಕ್ಕಾಲು ಭಾಗ ಚಿತ್ರವೇ ಇರಬೇಕು. ಆ ಚಿತ್ರವು ಚೀಟಿಯನ್ನೇ ದೊಡ್ಡದು ಮಾಡಿ ಅಚ್ಚುಹಾಕಿದ್ದಾಗಿರಬಾರದು. ಕಾರ್ಡು ಸಾಧ್ಯವಾದಮಟ್ಟಿಗೆ ಚೀಟಿ ಹುಟ್ಟುವುದಕ್ಕೆ ಮೊದಲೇ ಮಾರಾಟಕ್ಕೆ ಬಂದಿರಬೇಕು. ಸಂಗ್ರಾಹಕನು ತನ್ನೊಬ್ಬನಿಗಾಗಿ ಕಾಗದದ ಮೇಲೆ ತೆಗೆಸಿಕೊಂಡ ಪ್ರತಿ ಸಲ್ಲದು. ಮುದ್ರೆಯ ಊರಿಗೂ ಚಿತ್ರಕ್ಕೂ ನಂಟಿರಬೇಕು. ಮುದ್ರೆಯ ತಾರೀಖು ಚೀಟಿ ಚಲಾವಣೆಯಲ್ಲಿದ್ದ ಅವಧಿಯೊಳಗಿನದಾಗಿ, ಅದು ಹೊರಬಂದ ದಿನಕ್ಕೆ ಆದಷ್ಟೂ ಹತ್ತಿರವಿರಬೇಕು.

ಇಷ್ಟು ಬಿಗಿ ಏತಕ್ಕೆ? ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿ ಯರಗೇರಾ ಎಂಬ ಊರಿದೆ. ಅಲ್ಲಿಯ ಹುಡುಗನೊಬ್ಬನಿಗೆ ಅಜ್ಜನ ಹಳೆಯ ಟ್ರಂಕಿನಲ್ಲಿ ನಿಜಾಮರ ಕಾಲದ ಹನ್ನೆರಡು ಆಣೆಯ ಚೀಟಿ ದೊರಕಿತೆಂದು ಇಟ್ಟುಕೊಳ್ಳಬಹುದು. ರಾಯಚೂರು ಸೀಮೆ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಚೀಟಿಗಳಿದ್ದವು. 1931ರಲ್ಲಿ ಹೊರಟ ಸಾಲಿನಲ್ಲಿ ಒಂದು ಆಣೆಗೆ ಚಾರ್‌ಮಿನಾರ್ ಇದ್ದರೆ, ಹನ್ನೆರಡು ಆಣೆಗೆ ಬೀದರಿನ ಮದರಸಾ ಇತ್ತು. ಬಹಮನಿ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ವಿದ್ಯಾಲಯವದು. ಕನ್ನಡ ನಾಡಿನ ಕಟ್ಟಡವೊಂದು ಹೀಗೆ ನಿಜಾಮರ ಚೀಟಿಯ ಮೇಲೆ ಊರೂರು ತಿರುಗಿತು.

ಹುಡುಗನು ಇಂದು ಬೀದರಿಗೆ ಹೋಗಿ ಮದರಸಾದ ಚೆಂದದ ಕಾರ್ಡು ತಂದು, ಅದಕ್ಕೆ ಈ ಚೀಟಿ ಅಂಟಿಸಿ ಮುದ್ರೆ ಕೇಳಿದರೆ ಏನಾದೀತು? ಸಂಸ್ಥಾನದ ಅಂಚೆ 1950ರಲ್ಲಿ ಭಾರತದ ಅಂಚೆಯೊಡನೆ ಸೇರಿಹೋಯಿತು. ಆ ಚೀಟಿಗೆ ಈಗ ಚಲಾವಣೆಯಿಲ್ಲ. ಹೇಗೋ ಮುದ್ರೆ ಹೊಡೆಸಿಕೊಂಡರೂ ಆ ಕಾರ್ಡು ಎಂದೂ ನಡೆಯದ ಸಂಗತಿಯನ್ನು ನಡೆಯಿತೆಂದು ಹೇಳುತ್ತದೆ. ಮುದ್ರೆಯೆಂದರೆ ಅಲಂಕಾರವಲ್ಲ, ಸಾಕ್ಷಿ. ಇಂಥ ದಿನ, ಇಂಥ ಊರಿನಲ್ಲಿ, ಈ ಚೀಟಿ ಕೆಲಸಮಾಡಿತೆಂಬುದಕ್ಕೆ ಅದರ ಹೊರತು ಬೇರೆ ಸಾಕ್ಷಿಯಿಲ್ಲ. ಕಾಲದ ಕಟ್ಟಳೆಯನ್ನು ಸಡಿಲಿಸಿದವನು ಸಂಗ್ರಹಕ್ಕೆ ಒಂದು ಕಾರ್ಡನ್ನು ಸೇರಿಸಬಹುದು. ಉಳಿದ ಕಾರ್ಡುಗಳ ಮೇಲಿನ ನಂಬಿಕೆಯನ್ನು ಕಳೆಯುತ್ತಾನೆ.

ಆದರೆ ಎಲ್ಲ ಕಟ್ಟಳೆಗಳೂ ಒಂದೇ ತೂಕದವಲ್ಲ. ಪುರಂದರದಾಸರ ನಾಲ್ಕುನೂರನೆಯ ಪುಣ್ಯತಿಥಿಯ ನೆನಪಿಗಾಗಿ 1964ರ ಜನವರಿ 14ರಂದು ಹದಿನೈದು ಪೈಸೆಯ ಚೀಟಿಯೊಂದು ಹೊರಬಂದಿತು. ದಾಸರ ಪದಗಳು ಮನೆಮಾತಾಗಿರುವ ರಾಯಚೂರು, ಮಾನ್ವಿಗಳ ಸಂಗ್ರಾಹಕನು ಇದನ್ನು ಬಿಡುವುದುಂಟೆ? ಕಾರ್ಡಿಗೆ ಯಾವ ಚಿತ್ರ ಹುಡುಕುವುದು? ದಾಸರು ಬಾಳಿದ ಕಾಲಕ್ಕೆ ಫೋಟೋ ಇರಲಿಲ್ಲ; ಇರುವ ಚಿತ್ರಗಳೆಲ್ಲ ಕಲಾವಿದರ ಭಾವನೆಯವು. ಮುದ್ರೆ ಯಾವ ಊರಿನದಿರಬೇಕು? ಹುಟ್ಟೂರು ಪುಣೆಯ ಹತ್ತಿರದ ಪುರಂದರಗಡವೆಂದು ಒಂದು ಪಕ್ಷ, ತೀರ್ಥಹಳ್ಳಿಯ ಕಡೆಯ ಆರಗ ಸೀಮೆಯೆಂದು ಇನ್ನೊಂದು ಪಕ್ಷ. ವಿದ್ವಾಂಸರೇ ಒಪ್ಪದ ವಿಷಯವನ್ನು ಅಂಚೆಮುದ್ರೆ ತೀರ್ಮಾನಿಸಲಾರದು. ಹಂಪಿಯಲ್ಲಿ ತುಂಗಭದ್ರೆಯ ದಡದಲ್ಲಿರುವ ಪುರಂದರಮಂಟಪದ ಚಿತ್ರಕ್ಕೆ ಹಂಪಿಯ ಮುದ್ರೆ ಹೊಂದುತ್ತದೆಂದರೆ ಯಾರೂ ಆಕ್ಷೇಪಿಸಲಾರರು. ಪುರಂದರಗಡದ ಕಾರ್ಡಿಗೆ ಅಲ್ಲಿಯ ಮುದ್ರೆ ಹಾಕಿಸಿದವನನ್ನೂ ತಪ್ಪಿತಸ್ಥನೆನ್ನುವಂತಿಲ್ಲ. ಸಂಶಯವು ಚರಿತ್ರೆಯಲ್ಲೇ ಇರುವ ಕಡೆ ಕಟ್ಟಳೆ ಬಾಗಬೇಕು. ಸಂಗ್ರಾಹಕನ ಸೋಮಾರಿತನಕ್ಕೆ ಬಾಗುವುದು ಬೇರೆಯ ಮಾತು.

ಇನ್ನು, ಕಾರ್ಡು ಅಂಗಡಿಯದೇ ಆಗಿರಬೇಕೆಂಬ ಕಟ್ಟಳೆಗೆ ಕಾರಣವಿಲ್ಲದಿಲ್ಲ: ಚೀಟಿಗೆ ತಕ್ಕಂತೆ ಚಿತ್ರವನ್ನು ತಯಾರಿಸಿಕೊಳ್ಳುವ ಚಾಳಿಯನ್ನು ಅದು ತಡೆಯುತ್ತದೆ. ಪ್ಯಾರಿಸ್ಸಿನಲ್ಲಿಯೋ ಆಗ್ರಾದಲ್ಲಿಯೋ ಇದು ಕಷ್ಟವಲ್ಲ; ಅಲ್ಲಿ ಮೂಲೆಗೊಂದು ಅಂಗಡಿ, ಅಂಗಡಿ ತುಂಬ ಚಿತ್ರದ ಕಾರ್ಡುಗಳು. ಹಂಪಿಯಲ್ಲೂ ಕಲ್ಲಿನ ರಥದ ಕಾರ್ಡು ಹುಡುಕುವುದು ಪ್ರಯಾಸವಲ್ಲ. ರಥದ ಬಳಿಯಿಂದ ನದಿಯ ಕಡೆಗೆ ಇಳಿದುಹೋಗಿ ಮಂಟಪದ ಚಿತ್ರ ಬೇಕೆಂದರೆ ತೊಡಕು. ಯಾತ್ರಿಕರು ಹೆಚ್ಚಾಗಿ ಹೋಗದ ಊರುಗಳ ಗುಡಿ, ಕೋಟೆ, ಶಾಸನಗಳ ಗತಿ ಇನ್ನೂ ಕಷ್ಟ. ವ್ಯಾಪಾರಿಗೆ ಲಾಭವಿಲ್ಲದ ಚಿತ್ರವನ್ನು ವ್ಯಾಪಾರಿ ಅಚ್ಚುಹಾಕಿಸುವುದಿಲ್ಲ. ಆ ಸ್ಥಳಗಳಿಗೆ ಹೊಂದುವ ಚೀಟಿ ಮುಂದೊಂದು ದಿನ ಬಂದರೂ, ಕಟ್ಟಳೆ ಅಕ್ಷರಶಃ ನಡೆದರೆ, ಯರಗೇರಾದ ಹುಡುಗನು ಕೈಕಟ್ಟಿ ಕುಳಿತಿರಬೇಕಾಗುತ್ತದೆ.

ಈ ಒಂದು ಕಡೆ ಸಡಿಲಿಕೆ ನ್ಯಾಯವಾದುದೆಂದು ತೋರುತ್ತದೆ. ಸ್ವಂತ ಫೋಟೋವನ್ನು ಅಳತೆಗೆ ಸರಿಯಾಗಿ ಕಾರ್ಡಿಗೆ ಅಚ್ಚುಹಾಕಿಸಿ, ಹಿಂಬದಿಯಲ್ಲಿ ತೆಗೆದ ದಿನವನ್ನೂ ಸ್ಥಳವನ್ನೂ ಬರೆದರೆ ಯಾರಿಗೂ ವಂಚನೆಯಾಗುವುದಿಲ್ಲ. ಪ್ರದರ್ಶನದ ತೀರ್ಪುಗಾರರು ಅದಕ್ಕೆ ಅಂಕ ಕೊಡದಿರಬಹುದು; ಹುಡುಗನ ಆಲ್ಬಮ್ಮಿನಲ್ಲಿ ಅದಕ್ಕೆ ಜಾಗವುಂಟು. ಹನ್ನೆರಡು ಆಣೆಯ ಚೀಟಿ ಮಾತ್ರ ಹಾಗೆಯೇ ಬೇರೆ ಪುಟದಲ್ಲಿ, ಮುದ್ರೆಯಿಲ್ಲದೆ ಇರಬೇಕು. ಅದಕ್ಕೆ ಹೊಂದುವ ಕಾರ್ಡೊಂದು ಉಂಟೆಂದರೆ, 1931ಕ್ಕೂ 1950ಕ್ಕೂ ನಡುವೆ ಯಾರೋ ಬೀದರಿನ ಅಂಚೆ ಕಚೇರಿಯಲ್ಲಿ ಅದನ್ನು ನೀಡಿ ಮುದ್ರೆ ಹೊಡೆಸಿಕೊಂಡಿರಬೇಕು; ಅದು ಇಂದು ಯಾವುದೋ ಮನೆಯ ಟ್ರಂಕಿನಲ್ಲಿ ಮಲಗಿರಬೇಕು.