ಕೊಡುವ ಕೈ, ನಡೆದು ಹೋಗುವ ಕಾಲು



ಕಳೆದ ತಿಂಗಳು ಬಲಿಪೂಜೆಯ ಕಾಣಿಕೆಗೆ ಒಟ್ಟು ಎಷ್ಟು ಹಾಕಿದಿರಿ? ಬಹುಶಃ ನೆನಪಿರಲಾರದು. ಆದರೆ ಎಂದೋ ಒಂದು ಮಳೆಗಾಲದಲ್ಲಿ ಪಕ್ಕದ ಮನೆಯವರು ಜ್ವರದಿಂದ ಮಲಗಿದ್ದಾಗ ಗಂಜಿ ಮಾಡಿಕೊಂಡು ಹೋಗಿ, ಅವರ ಮಂಚದ ಬಳಿ ಸ್ವಲ್ಪ ಹೊತ್ತು ಕುಳಿತಿದ್ದರೆ, ಅದು ಇಂದಿಗೂ ನೆನಪಿರುತ್ತದೆ. ಒಂದು ಪಾತ್ರೆ ಗಂಜಿಯ ಬೆಲೆ ಎಷ್ಟು ಮಹಾ? ಆದರೂ ಅದು ಮನಸ್ಸಿನಲ್ಲಿ ಉಳಿದದ್ದೇಕೆ?

ಈ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರೂ ಕೇಳಿದ್ದಾರೆ. ಎಲಿಜಬೆತ್ ಡನ್, ಲಾರಾ ಆಕ್ನಿನ್ ಮತ್ತು ಮೈಕೆಲ್ ನಾರ್ಟನ್ ಎಂಬ ಸಂಶೋಧಕರು ಕೆನಡಾದಲ್ಲಿ ನಡೆಸಿದ ಒಂದು ಪ್ರಯೋಗದ ವರದಿ 2008ರಲ್ಲಿ ಪ್ರಕಟವಾಯಿತು. ಅವರು ಬೆಳಿಗ್ಗೆ 46 ಮಂದಿಗೆ ಲಕೋಟೆಗಳನ್ನು ಕೊಟ್ಟರು. ಕೆಲವರ ಲಕೋಟೆಯಲ್ಲಿ 5 ಡಾಲರ್, ಕೆಲವರದರಲ್ಲಿ 20 ಡಾಲರ್. ಸಂಜೆ 5 ಗಂಟೆಯೊಳಗೆ ಕೆಲವರು ಆ ಹಣವನ್ನು ತಮಗಾಗಿ ಖರ್ಚು ಮಾಡಬೇಕು, ಉಳಿದವರು ಇತರರಿಗಾಗಿ. ಸಂಜೆ ವಿಚಾರಿಸಿದಾಗ, ಇತರರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಸಂತೋಷದಿಂದಿದ್ದರು. ಹಣ 5 ಡಾಲರೋ 20 ಡಾಲರೋ ಎಂಬುದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ಇದೇ ಸಂಶೋಧಕರು ಮತ್ತೊಬ್ಬರೊಡನೆ ಸೇರಿ ನಡೆಸಿದ ಇನ್ನೊಂದು ಸಣ್ಣ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಈ ಬಾರಿ ಕೊಟ್ಟದ್ದು ಕಾಫಿ ಕೊಳ್ಳಲು 10 ಡಾಲರಿನ ಕಾರ್ಡು. ಕೆಲವರು ಒಬ್ಬರೇ ಹೋಗಿ ಕುಡಿದರು. ಕೆಲವರು ಸ್ನೇಹಿತರ ಜೊತೆ ಹೋದರೂ ಕಾರ್ಡನ್ನು ತಮಗಾಗಿ ಮಾತ್ರ ಬಳಸಿದರು. ಕೆಲವರು ಕಾರ್ಡನ್ನು ಬೇರೆಯವರ ಕೈಗಿತ್ತು, ತಾವು ಜೊತೆಗೆ ಹೋಗದೆ ಉಳಿದರು. ನಾಲ್ಕನೆಯ ಗುಂಪಿನವರು ಒಬ್ಬರನ್ನು ಕರೆದುಕೊಂಡು ಹೋಗಿ, ಕಾಫಿ ಕೊಡಿಸಿ, ಅವರೊಡನೆ ಕುಳಿತರು. ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಈ ನಾಲ್ಕನೆಯವರು. ಕೊಡುವುದು ಮತ್ತು ಜೊತೆಗಿರುವುದು ಎರಡೂ ಒಂದಾದಲ್ಲಿ ಸಂತೋಷ ತುಂಬಿ ಬಂತು.

ಈಗ ಶುಭಸಂದೇಶದ ಜಕ್ಕಾಯನನ್ನು ನೆನೆಯಿರಿ (ಲೂಕ 19:1-10). ಊರಿನವರು ಅವನನ್ನು ದೂರವಿಟ್ಟಿದ್ದರು. ಯೇಸುಸ್ವಾಮಿ ಅವನಿಗೆ ದಾನದ ಬಗ್ಗೆ ಉಪದೇಶ ಮಾಡಲಿಲ್ಲ. ಹೆಸರು ಹಿಡಿದು ಕರೆದರು, ಅವನ ಮನೆಗೆ ಹೋದರು. ಅವನ ಆಸ್ತಿಯ ಅರ್ಧ ಭಾಗ ಬಡವರ ಪಾಲಾದದ್ದು ಆ ಬಳಿಕ. ಮೊದಲು ಬಾಂಧವ್ಯ, ಅನಂತರ ಔದಾರ್ಯ. ತಾನೂ ಒಬ್ಬರಿಗೆ ಬೇಕಾದವನು ಎಂದು ತಿಳಿದವನ ಮುಷ್ಟಿ ತಾನಾಗಿಯೇ ಸಡಿಲಗೊಳ್ಳುತ್ತದೆ.

1833ರಲ್ಲಿ ಪ್ಯಾರಿಸಿನಲ್ಲಿ 20 ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಒಝನಾಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯೂ ಇದೇ ದಾರಿ ಹಿಡಿಯಿತು. ಸಿಸ್ಟರ್ ರೋಸಲಿ ರಾಂದ್ಯು ಅವರ ಮಾರ್ಗದರ್ಶನದಲ್ಲಿ ಆ ಯುವಕರು ಬಡವರ ಮನೆಗಳಿಗೇ ಹೋದರು. ಇಂದಿಗೂ ಮನೆಭೇಟಿಯೇ ಆ ಸಭೆಯ ಸೇವೆಯ ತಿರುಳು.

ಹಾಗೆಂದು ದೂರದಿಂದ ಕಳಿಸುವ ಹಣ ವ್ಯರ್ಥವೆಂದು ತಿಳಿಯಬೇಡಿ. ಪ್ರವಾಹದಲ್ಲಿ ಮನೆ ಕಳೆದುಕೊಂಡವರಿಗೆ ಅಕ್ಕಿ ಬೇಕು. ಕೊಟ್ಟವರ ಸಂತೋಷ ಕಟ್ಟಿಕೊಂಡು ಅವರಿಗೇನಾಗಬೇಕು? ಅಂಥ ಸಹಾಯ ನಿಲ್ಲಬಾರದು. ಆದರೆ ಹಣವನ್ನಷ್ಟೇ ಕಳಿಸಿ ಕರ್ತವ್ಯ ಮುಗಿಯಿತು ಎಂದುಕೊಳ್ಳುವ ಅಪಾಯ ನಮ್ಮ ಕುಟುಂಬದೊಳಗೇ ಇದೆ. ಮಗ ದೂರದೂರಿನಿಂದ ತಿಂಗಳು ತಿಂಗಳೂ ತಪ್ಪದೆ ಹಣ ಕಳಿಸುತ್ತಾನೆ. ಹಣ ಬಂದ ಸಂದೇಶವನ್ನು ತಾಯಿಗೆ ಓದಿ ಹೇಳುವವನು ಮಾತ್ರ ಪಕ್ಕದ ಮನೆಯ ಹುಡುಗ. "ನನಗೇನೂ ಕಡಿಮೆ ಇಲ್ಲಪ್ಪ" ಎನ್ನುವ ಆ ತಾಯಿಯ ಮಾತಿನಲ್ಲಿ ಯಾವುದು ಕಡಿಮೆಯಾಗಿದೆ ಎಂಬುದು ನಮಗೆ ಕೇಳಿಸಬೇಡವೇ?

ಈ ವಾರ ಮನೆಯಲ್ಲಿ ಮೂರು ಕೆಲಸ ಮಾಡಿ ನೋಡಿ.

1. ಹಣ ಅಥವಾ ವಸ್ತು ಕೊಡುವಾಗ, ಸಾಧ್ಯವಿದ್ದರೆ ನೀವೇ ಹೋಗಿ ಕೊಡಿ. ಕುಳಿತು ಅವರ ಮಾತು ಕೇಳಿ, ಬುದ್ಧಿವಾದ ಬೇಡ. ದೂರದಲ್ಲಿದ್ದರೆ, ಹಣ ಕಳಿಸಿದ ದಿನ ಫೋನ್ ಮಾಡಿ ಮಾತನಾಡಿ.

2. ಮಕ್ಕಳನ್ನು ಗದರಿಸಿ ಕೊಡಿಸಬೇಡಿ. ಬಲವಂತದ ಸಹಾಯ ಮನಸ್ಸಿಗೆ ಹಿತ ತರುವುದಿಲ್ಲ. ಸ್ವಂತ ಇಚ್ಛೆಯಿಂದ ಮಾಡಿದ್ದು ತರುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಏನು ಕೊಡಬೇಕು, ಯಾರಿಗೆ ಕೊಡಬೇಕು ಎಂಬುದನ್ನು ಮಗುವೇ ಆರಿಸಲಿ.

3. ನೀವು ಸಹಾಯ ಮಾಡಿದ ಮನೆಯಲ್ಲಿ ಒಂದು ಲೋಟ ಚಹಾ ಕೊಟ್ಟರೆ ಬೇಡವೆನ್ನಬೇಡಿ. ಕೊಡುವ ಸಂತೋಷ ಅವರಿಗೂ ಸಲ್ಲಬೇಕು. ಆ ಚಹಾ ಕುಡಿದು ಎದ್ದಾಗ ನೀವು ದಾನಿಯೂ ಅಲ್ಲ, ಅವರು ದೀನರೂ ಅಲ್ಲ, ಇಬ್ಬರೂ ನೆರೆಹೊರೆಯವರು.